ಬೆಟ್ಟ ಇಳಿದರೆ ಬೇರೆ ದೇಶ

ತಮಿಳುನಾಡಿನ ಆನೈಮಲೈ ಬೆಟ್ಟಗಳ ಮೇಲಿನ ವಾಲ್ಪಾರೈಯಿಂದ ಚಹಾ ತೋಟಗಳ ನಡುವೆ ಪಶ್ಚಿಮಕ್ಕೆ ಹೊರಟರೆ ಮಲಕ್ಕಪಾರದಲ್ಲಿ ಕೇರಳದ ಗಡಿ ಎದುರಾಗುತ್ತದೆ. ಅರಣ್ಯ ಇಲಾಖೆಯವರು ಗಾಡಿಯ ನಂಬರು ಬರೆದುಕೊಳ್ಳುತ್ತಾರೆ, ಒಳಗೆ ಎಷ್ಟು ಪ್ಲಾಸ್ಟಿಕ್ ಬಾಟಲಿ ಇವೆ ಎಂದು ಕೇಳುತ್ತಾರೆ, ದಾರಿಯಲ್ಲಿ ಎಲ್ಲೂ ನಿಲ್ಲಿಸಬೇಡಿ ಎನ್ನುತ್ತಾರೆ. ಅಲ್ಲಿಂದ ಮುಂದೆ ಶೋಲಯಾರ್, ಪೆರಿಂಗಲ್‌ಕುತ್ತು, ವಾಳಚ್ಚಾಲ್ ಎಂದು ಕಾಡು ಇಳಿಯುತ್ತಾ ಹೋಗಿ ಅತಿರಪ್ಪಿಳ್ಳಿ ಜಲಪಾತದ ಬಳಿ ಜನಜಂಗುಳಿಗೆ ಬಂದು ಮುಟ್ಟುತ್ತದೆ. ಚಾಲಕ್ಕುಡಿಗೆ ಬಂದರೆ ಬಯಲು. ಇನ್ನು ಐವತ್ತು ಕಿಲೋಮೀಟರಿನಷ್ಟು ಹೋದರೆ ಎರ್ನಾಕುಳಂ, ಅದರಾಚೆ ಕಡಲು. ಬೆಳಿಗ್ಗೆ ಚಹಾದ ಚಳಿಯಲ್ಲಿ ಹೊರಟವರು ಮಧ್ಯಾಹ್ನದ ಊಟಕ್ಕೆ ಕೊಚ್ಚಿಯಲ್ಲಿ ಕರಿಮೀನು ಹುಡುಕುತ್ತಿರುತ್ತಾರೆ. ಪೊಳ್ಳಾಚಿ, ಉಡುಮಲೈ, ಕೊಯಮತ್ತೂರಿನವರಿಗೆ ಇದೊಂದು ಭಾನುವಾರದ ತಿರುಗಾಟ. ಆ ಸೀಮೆಯಲ್ಲಿ ಇಂದಿಗೂ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡಿರುವ ದೇವಾಂಗ ಕುಟುಂಬಗಳಿಗೂ ಅಷ್ಟೇ.

1949ರ ಜೂನ್ ತಿಂಗಳವರೆಗೆ ಈ ಇಳಿಜಾರು ಬೇರೊಂದು ದೇಶಕ್ಕೆ ಸೇರಿತ್ತು.

ಕೊಚ್ಚಿ ರಾಜ್ಯದ ವಿಸ್ತೀರ್ಣ ಸುಮಾರು 1,400 ಚದರ ಮೈಲಿ. ಅಂದರೆ ನಮ್ಮ ಕೊಡಗಿಗಿಂತಲೂ ಚಿಕ್ಕದು. ಆದರೆ ಅದಕ್ಕೊಬ್ಬ ಮಹಾರಾಜನಿದ್ದ, ಅವನಿಗೆ 17 ತೋಪುಗಳ ಮರ್ಯಾದೆ ಇತ್ತು, ಎರ್ನಾಕುಳಂನಲ್ಲಿ ದಿವಾನರ ಕಚೇರಿ ಇತ್ತು. ಅಂಚಲ್ ಎಂಬ ಸ್ವಂತ ಟಪಾಲು ವ್ಯವಸ್ಥೆ ಇತ್ತು. 1892ರಲ್ಲಿ ಕೊಚ್ಚಿ ಹೊರತಂದ ಮೊದಲ ಅಂಚೆಚೀಟಿಗಳ ಬೆಲೆ ಆಣೆಯಲ್ಲಿರಲಿಲ್ಲ, ಅದರದೇ ನಾಣ್ಯವಾದ ಪುತ್ತನ್‌ನಲ್ಲಿತ್ತು. ಬ್ರಿಟಿಷ್ ರೆಸಿಡೆಂಟನ ಕಣ್ಣಳತೆಯಲ್ಲಿದ್ದ ರಾಜ್ಯವಾದ್ದರಿಂದ ದೇಶ ಎನ್ನುವುದು ಸ್ವಲ್ಪ ದೊಡ್ಡ ಮಾತೇ. ಆದರೂ ಆನೈಮಲೈಯ ಪೂರ್ವಕ್ಕಿದ್ದವನು ಬ್ರಿಟಿಷ್ ಪ್ರಜೆ, ಅದೇ ಬೆಟ್ಟದ ಪಶ್ಚಿಮಕ್ಕಿದ್ದವನು ಕೊಚ್ಚಿಯ ಪ್ರಜೆ. ಇಬ್ಬರಿಗೂ ಕಾನೂನು ಬೇರೆ, ಕೋರ್ಟು ಬೇರೆ.

ಗಡಿಗಳ ಗೋಜಲಂತೂ ಕೇಳಬೇಡಿ. ಬೆಟ್ಟ ಹತ್ತದೆ ಪಾಲ್ಘಾಟ್ ಕಣಿವೆಯಲ್ಲಿ ಕಡಲಿಗೆ ಹೋಗುತ್ತೇನೆಂದು ಪೊಳ್ಳಾಚಿಯಿಂದ ಹೊರಟವನು ಮೊದಲು ಬ್ರಿಟಿಷರ ಕೊಯಮತ್ತೂರು ಜಿಲ್ಲೆಯನ್ನು ಬಿಡುತ್ತಿದ್ದ. ಹಿಡಿದ ದಾರಿ ಚಿತ್ತೂರಿನದಾದರೆ ಕೊಚ್ಚಿಯೊಳಗೆ ಕಾಲಿಟ್ಟಂತೆ. ಅದು ರಾಜ್ಯದ ಉಳಿದ ಭಾಗದಿಂದ ಕತ್ತರಿಸಿಹೋದ ತುಂಡು. ಪಾಲ್ಘಾಟಿನಲ್ಲಿ ಮತ್ತೆ ಬ್ರಿಟಿಷ್ ಮಲಬಾರು. ತ್ರಿಶೂರಿನಲ್ಲಿ ಮತ್ತೆ ಕೊಚ್ಚಿ. ಕೊನೆಗೆ ಕಡಲ ದಂಡೆಯ ಫೋರ್ಟ್ ಕೊಚ್ಚಿಗೆ ಬಂದರೆ ಅಲ್ಲಿ ಪುನಃ ಬ್ರಿಟಿಷ್ ನೆಲ! 1795ರಲ್ಲಿ ಡಚ್ಚರಿಂದ ಕಿತ್ತುಕೊಂಡ ಆ ಪುಟ್ಟ ಪಟ್ಟಣವನ್ನು ಬ್ರಿಟಿಷರು ಕೊಚ್ಚಿಯ ರಾಜನಿಗೆ ಬಿಟ್ಟುಕೊಡಲೇ ಇಲ್ಲ. ಕೊಚ್ಚಿ ಎಂಬ ಹೆಸರಿನ ರಾಜ್ಯಕ್ಕೆ ಕೊಚ್ಚಿಯ ಕೋಟೆ ಸೇರಿರಲಿಲ್ಲ ಎಂಬುದು ಆ ಕಾಲದ ತಮಾಷೆ. ಇಷ್ಟು ಗಡಿಗಳಲ್ಲೂ ಸುಂಕ ಕೊಡಬೇಕಾಗಿದ್ದರೆ ವ್ಯಾಪಾರಿಗಳ ಗತಿ ಏನಾಗುತ್ತಿತ್ತು! 1865ರಲ್ಲಿ ಬ್ರಿಟಿಷ್ ಭಾರತ, ತಿರುವಾಂಕೂರು, ಕೊಚ್ಚಿ ಮೂವರೂ ಒಪ್ಪಂದ ಮಾಡಿಕೊಂಡು ನಡುವಿನ ಸುಂಕದ ಕಟ್ಟೆಗಳನ್ನು ತೆಗೆದುಹಾಕಿದ್ದರಿಂದ ಬಚಾವಾದರು.

ಅದಕ್ಕೂ ಹಿಂದೆ ಈ ಗಡಿಯ ಪೂರ್ವದ ಬದಿಯಲ್ಲಿ ಇದ್ದದ್ದು ಮೈಸೂರು. 1799ರವರೆಗೆ ಕೊಯಮತ್ತೂರು ಸೀಮೆ ಶ್ರೀರಂಗಪಟ್ಟಣಕ್ಕೆ ಕಂದಾಯ ಕಟ್ಟುತ್ತಿತ್ತು. 1766ರಲ್ಲಿ ಹೈದರ್ ಅಲಿ ಮಲಬಾರಿಗೆ ಇಳಿದಾಗ ಕೊಚ್ಚಿಯ ರಾಜ ಕಾದಾಡುವ ಗೋಜಿಗೆ ಹೋಗದೆ ಕಪ್ಪ ಕೊಡಲು ಒಪ್ಪಿದ. ಸಣ್ಣ ರಾಜ್ಯಕ್ಕೆ ಅದೇ ಜಾಣತನವಾಗಿತ್ತೋ ಏನೋ. ಅದರ ದಕ್ಷಿಣದ ತಿರುವಾಂಕೂರು ಮಾತ್ರ ಅಷ್ಟಕ್ಕೆ ಬಗ್ಗಲಿಲ್ಲ. ಕಡಲಂಚಿನಿಂದ ಆನೈಮಲೈ ಬೆಟ್ಟಗಳವರೆಗೆ ನೆಡುಂಕೋಟ್ಟ ಎಂಬ ಉದ್ದನೆಯ ಗೋಡೆ, ಕಂದಕ, ಮುಳ್ಳಿನ ಬೇಲಿ ಎಬ್ಬಿಸಿತ್ತು. ಆ ಗೋಡೆ ಹಾದುಹೋದದ್ದು ಬಹುಪಾಲು ಕೊಚ್ಚಿಯ ನೆಲದಲ್ಲಿ, ಇಂದಿನ ಚಾಲಕ್ಕುಡಿಯ ಆಸುಪಾಸಿನಲ್ಲಿ. ನನಗೆ ಕಪ್ಪ ಕೊಡುವವನ ನೆಲದಲ್ಲಿ ಇನ್ನೊಬ್ಬನ ಗೋಡೆ ಏಕೆ ಎಂಬುದು ಟಿಪ್ಪುವಿನ ತಕರಾರು. 1789ರ ಡಿಸೆಂಬರ್ ಕೊನೆಯಲ್ಲಿ ಅವನು ಅದರ ಮೇಲೆ ಬಿದ್ದ, ಸೋತು ಹಿಂದೆ ಸರಿದ. ಮುಂದಿನ ವರ್ಷ ತೋಪುಗಳನ್ನು ತಂದು ಒಡೆದ. ಅದೇ ನೆಪವಾಗಿ ಮೂರನೇ ಮೈಸೂರು ಯುದ್ಧ ಹೊತ್ತಿಕೊಂಡಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ಗೋಡೆಯ ಒಂದು ತುದಿ ಆನೈಮಲೈಯಲ್ಲಿತ್ತು ಎಂಬುದನ್ನು ಅಲ್ಲಿಗೆ ಜಲಪಾತ ನೋಡಲು ಹೋಗುವ ಮೈಸೂರಿನವರು ನೆನಪಿಟ್ಟುಕೊಂಡರೆ ಚೆನ್ನ.

ಸೈನ್ಯ ನಡೆದದ್ದೆಲ್ಲ ಕಣಿವೆಯಲ್ಲಿ. ಬೆಟ್ಟದ ನೆತ್ತಿಯಿಂದ ನೇರ ಕಡಲಿಗೆ ದಾರಿ ಮಾಡಿಸಿದ್ದು ತೇಗ.

ಬೊಂಬಾಯಿಯ ಹಡಗುಕಟ್ಟೆಗೆ ಒಳ್ಳೆಯ ಮರ ಬೇಕಾಗಿತ್ತು. ಆನೈಮಲೈಯ ತೇಗ ಆ ಕಟ್ಟೆಯವರೆಗೂ ಹೆಸರು ಮಾಡಿತ್ತು. ಹತ್ತೊಂಬತ್ತನೇ ಶತಮಾನದ ನಡುವೆ ಬ್ರಿಟಿಷರು ತಮ್ಮ ಬದಿಯ ದಿಮ್ಮಿಗಳನ್ನು ಟಾಪ್‌ಸ್ಲಿಪ್‌ನ ಅಂಚಿನಿಂದ ಕೆಳಕ್ಕೆ ಜಾರಿಸಿ, ಬಯಲಿನಲ್ಲಿ ಎತ್ತಿನ ಗಾಡಿಗೆ ಏರಿಸಿ ಪಶ್ಚಿಮ ಕರಾವಳಿಗೆ ಸಾಗಿಸುತ್ತಿದ್ದರು. ಮದ್ರಾಸು ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿ ಹ್ಯೂ ಕ್ಲೆಗ್‌ಹಾರ್ನ್ 1858ರಲ್ಲಿ ಈ ಬೆಟ್ಟಗಳನ್ನು ಹತ್ತಿ ವರದಿ ಬರೆದ. ಆತ ಅದಕ್ಕೂ ಮುಂಚೆ ನಮ್ಮ ಶಿವಮೊಗ್ಗದಲ್ಲಿ ವೈದ್ಯನಾಗಿದ್ದವನು. ಕಾಡು ಹೀಗೆ ಬರಿದಾಗುವುದನ್ನು ಮಲೆನಾಡಿನಲ್ಲೇ ನೋಡಿದ್ದ. ಇಪ್ಪತ್ತನೇ ಶತಮಾನದಲ್ಲಿ ಹ್ಯೂಗೋ ವುಡ್ ಎಂಬ ಅಧಿಕಾರಿ ಬರುವ ಹೊತ್ತಿಗೆ ಬೋಳಾದ ಇಳಿಜಾರುಗಳಲ್ಲಿ ಮತ್ತೆ ತೇಗ ನೆಡಬೇಕಾಗಿ ಬಂದಿತ್ತು. 1933ರಲ್ಲಿ ತೀರಿಕೊಂಡ ಅವನ ಸಮಾಧಿ ಟಾಪ್‌ಸ್ಲಿಪ್ ಬಳಿ ಅದೇ ತೇಗದ ಮರಗಳ ನಡುವೆ ಇದೆ.

ಕೊಚ್ಚಿಯ ಪಾಲಿಗೆ ಬಂದದ್ದು ಬೆಟ್ಟದಾಚೆಯ ಪರಂಬಿಕುಳಂ. ಕಾಡು ಬ್ರಿಟಿಷರದಕ್ಕಿಂತ ಸಮೃದ್ಧ, ದಾರಿ ಮಾತ್ರ ಶೂನ್ಯ. ತೇಗದ ಹಸಿ ದಿಮ್ಮಿ ನೀರಿನಲ್ಲಿ ತೇಲುವುದಿಲ್ಲ, ಮುಳುಗುತ್ತದೆ. ಒಣಗಿಸಿ ಹೊಳೆಗೆ ಬಿಟ್ಟರೂ ನಡುವೆ ಅತಿರಪ್ಪಿಳ್ಳಿಯ ಧುಮುಕು. ಅಲ್ಲಿ ಬಿದ್ದ ದಿಮ್ಮಿ ಸೀಳಿ ಸೌದೆಯಾದೀತು. ಮರ ಕೊಚ್ಚಿಯದು, ಅದನ್ನು ಹೊರತೆಗೆಯಬೇಕಾದರೆ ಬ್ರಿಟಿಷರ ಬಾಗಿಲಿಂದ. ಪುಟ್ಟ ರಾಜ್ಯದ ಖಜಾನೆಗೆ ಇದು ನುಂಗಲಾರದ ತುತ್ತು.

ಆಗ ಪಟ್ಟದಲ್ಲಿದ್ದವನು ರಾಜರ್ಷಿ ಎಂದೇ ಹೆಸರಾದ ರಾಮವರ್ಮ. 1895ರಲ್ಲಿ ಪಟ್ಟಕ್ಕೆ ಬಂದು 1914ರಲ್ಲಿ ತಾನಾಗಿಯೇ ಇಳಿದವನು. ಮೊದಲು ಶೊರನೂರಿನಿಂದ ಎರ್ನಾಕುಳಂಗೆ ರೈಲು ತರಿಸಿದ. ಅದಕ್ಕೆ ಹಣ ಸಾಲದೆ ತ್ರಿಪ್ಪೂಣಿತ್ತುರದ ಪೂರ್ಣತ್ರಯೀಶ ದೇವಸ್ಥಾನದ ಆನೆಗಳ ಚಿನ್ನದ ಹಣೆಪಟ್ಟಿಗಳನ್ನು ಮಾರಿಸಿದ ಎಂಬ ಕತೆಯನ್ನು ಕೇರಳದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹದಿನೈದರಲ್ಲಿ ಹದಿನಾಲ್ಕು ಮಾರಿ ಒಂದನ್ನು ಉಳಿಸಿದ ಎಂಬ ಲೆಕ್ಕವನ್ನೂ ಕೊಡುತ್ತಾರೆ. ಇಡೀ ರೈಲು ಹಣೆಪಟ್ಟಿಯ ದುಡ್ಡಿನಲ್ಲೇ ಓಡಿತು ಎಂದು ನಂಬುವುದು ಕಷ್ಟ. ಆದರೆ ದೇವರ ಆನೆಯ ಒಡವೆ ಮಾರಿ ರೈಲು ತಂದ ರಾಜ ಎಂಬ ಕೀರ್ತಿ ಅವನಿಗೆ ಉಳಿದಿದೆ, ಉಳಿಯಲಿ. 1902ರಲ್ಲಿ ಆ ರೈಲು ಓಡಿತು. ಚಾಲಕ್ಕುಡಿಯಲ್ಲಿ ಅದಕ್ಕೊಂದು ನಿಲ್ದಾಣ ಸಿಕ್ಕಿತು.

ನಿಲ್ದಾಣ ಬಂದಮೇಲೆ ಉಳಿದದ್ದು ಅಲ್ಲಿಗೆ ಮರ ತರುವುದು. ರಾಜ್ಯದ ಅರಣ್ಯಾಧಿಕಾರಿ ಆಳ್ವಾರ್ ಚೆಟ್ಟಿ ಕಾಡಿನೊಳಕ್ಕೆ ಟ್ರಾಮ್ ಹಳಿ ಹಾಕುವ ಯೋಜನೆಗೆ ಬೆನ್ನೆಲುಬಾಗಿ ನಿಂತ. ಚಾಲಕ್ಕುಡಿಯಿಂದ ಪರಂಬಿಕುಳಂನ ಚಿನ್ನಾರ್‌ವರೆಗೆ ಸುಮಾರು 80 ಕಿಲೋಮೀಟರು, ಮೀಟರ್‌ಗೇಜ್ ಹಳಿ, ಜರ್ಮನಿಯ ಓರೆನ್‌ಸ್ಟೈನ್ ಅಂಡ್ ಕೊಪ್ಪೆಲ್ ಕಂಪನಿಯ ಉಗಿ ಎಂಜಿನ್‌ಗಳು. 1907ರಿಂದ ಅದು ಓಡತೊಡಗಿತು. ಚಿಕ್ಕದೊಂದು ಸಂಸ್ಥಾನ ತನ್ನದೇ ಕಾಡಿಗೆ ತನ್ನದೇ ರೈಲು ಹಾಕಿಕೊಂಡಿದ್ದು ಆ ಕಾಲಕ್ಕೆ ಸಾಮಾನ್ಯ ಧೈರ್ಯವಲ್ಲ.

ಅದರ ನಿಜವಾದ ಸೊಗಸು ಇದ್ದದ್ದು ಎಂಜಿನ್ ಹತ್ತಲಾರದ ಕಡಿದಾದ ಜಾಗಗಳಲ್ಲಿ. ಅಲ್ಲಿ ಎಂಜಿನ್ನನ್ನು ಬಿಡಿಸಿ, ಉಕ್ಕಿನ ಹಗ್ಗದ ಒಂದು ತುದಿಗೆ ದಿಮ್ಮಿ ತುಂಬಿದ ವ್ಯಾಗನ್ನನ್ನೂ ಇನ್ನೊಂದು ತುದಿಗೆ ಖಾಲಿ ವ್ಯಾಗನ್ನನ್ನೂ ಕಟ್ಟುತ್ತಿದ್ದರು. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ, ಭಾರದ ವ್ಯಾಗನ್ನು ಇಳಿಯುತ್ತ ಖಾಲಿಯದನ್ನು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಕಲ್ಲಿದ್ದಲೂ ಬೇಡ, ಸೌದೆಯೂ ಬೇಡ. ಕೆಲಸಗಾರರು ತಡೆ ಹಿಡಿದು ವೇಗ ನೋಡಿಕೊಂಡರೆ ಸಾಕು, ಗುರುತ್ವಾಕರ್ಷಣೆಯೇ ಎಂಜಿನ್ನು. ಕಡಿದ ಮರದ ಭಾರದಿಂದಲೇ ಮುಂದಿನ ಮರಕ್ಕೆ ಗಾಡಿ ಹತ್ತುವ ಈ ಏರ್ಪಾಡಿನಲ್ಲಿ ಜಾಣತನವೂ ಇತ್ತು, ಕಾಡಿನ ಕೆಡುಕೂ ಇತ್ತು.

ಮರಕ್ಕೆಂದು ಹಾಕಿದ ಹಳಿಯ ಮೇಲೆ ಒಮ್ಮೆ ಪಕ್ಷಿವಿಜ್ಞಾನವೂ ಪ್ರಯಾಣ ಮಾಡಿತು. 1933ರಲ್ಲಿ ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಪಕ್ಷಿ ಸಮೀಕ್ಷೆಗೆ ಬಂದ ಸಲೀಂ ಅಲಿ ಪರಂಬಿಕುಳಂ ಕಾಡಿನ ಕುರಿಯಾರ್‌ಕುಟ್ಟಿಯಲ್ಲಿ ಬೀಡುಬಿಟ್ಟರು. ಅದು ಟ್ರಾಮ್‌ದಾರಿಯ ಮೇಲಿನ ಒಂದು ತಾಣ. ಜೊತೆಗೆ ಹೆಂಡತಿ ತೆಹ್ಮೀನಾ ಇದ್ದರು. ಆ ಕಾಡಿನಲ್ಲಿ ಶಾಶ್ವತವಾಗಿ ಇದ್ದವರು ಕಾಡರ್, ಮಲಸರ್, ಮುದುವರು. ಯಾರ ಸರಹದ್ದು ಎಲ್ಲಿದೆ ಎಂದು ಅವರು ಕೇಳಿಕೊಂಡು ಜೇನು ಕೀಳಲು ಹೋಗುತ್ತಿರಲಿಲ್ಲ. ಮಲಸರು ಆನೆ ಪಳಗಿಸುವುದರಲ್ಲಿ ಹೆಸರಾದವರು. ಆನೆ ದಿಮ್ಮಿ ಎಳೆಯದೆ ಬ್ರಿಟಿಷರ ಗಾಡಿಯೂ ಹೊರಡುತ್ತಿರಲಿಲ್ಲ, ರಾಜನ ಟ್ರಾಮೂ ಹೊರಡುತ್ತಿರಲಿಲ್ಲ.

1949ರ ಜುಲೈ 1ರಂದು ಕೊಚ್ಚಿ ತಿರುವಾಂಕೂರಿನ ಜೊತೆ ಸೇರಿತು. 1951ರಲ್ಲಿ ಅಂಚಲ್ ಭಾರತದ ಅಂಚೆಯಲ್ಲಿ ಕರಗಿತು. 1956ರಲ್ಲಿ ಕೇರಳ ಹುಟ್ಟಿತು. ಟ್ರಾಮ್ ಇಷ್ಟೆಲ್ಲಕ್ಕೂ ಸಾಕ್ಷಿಯಾಗಿ 1963ರವರೆಗೆ ಬದುಕಿತ್ತು. ಹಳೆಯ ಎಂಜಿನ್ನುಗಳ ರಿಪೇರಿ ಖರ್ಚು ಏರುತ್ತ, ಮರ ಕಡಿಮೆಯಾಗುತ್ತ, ಲಾರಿಗಳು ಬರುತ್ತ ಹೋದಂತೆ ಅದು ನಷ್ಟದ ಬಾಬತ್ತಾಗಿ ನಿಂತುಹೋಯಿತು. ಅದೇ ಹೊತ್ತಿಗೆ ಪಕ್ಕದ ಚಾಲಕ್ಕುಡಿ ಹೊಳೆಯಲ್ಲಿ ವಿದ್ಯುತ್ತಿನ ಕಾಲ ಬಂದಿತ್ತು. 1957ರಲ್ಲಿ ಪೆರಿಂಗಲ್‌ಕುತ್ತು, ಅರವತ್ತರ ದಶಕದಲ್ಲಿ ಶೋಲಯಾರ್. ಇಂದು ಭಾನುವಾರದ ಕಾರುಗಳು ಇಳಿಯುವುದು ಈ ಅಣೆಕಟ್ಟುಗಳ ಪಕ್ಕದ ದಾರಿಯಲ್ಲಿ, ಟ್ರಾಮಿನ ಜಾಡಿನಲ್ಲಲ್ಲ. ಟ್ರಾಮಿನ ಜಾಡನ್ನು ಕಾಡು ವಾಪಸು ತೆಗೆದುಕೊಂಡಿದೆ.

ಈಗ ತಿರುಗಾಟ ಎರಡೂ ದಿಕ್ಕಿಗೆ ನಡೆಯುತ್ತದೆ. 2021ರಲ್ಲಿ ಕೇರಳದ ಸಾರಿಗೆ ಸಂಸ್ಥೆ ಬಜೆಟ್ ಪ್ರವಾಸ ಎಂದು ಶುರು ಮಾಡಿದಾಗ ಮೊದಲು ಜನ ಮುಗಿಬಿದ್ದದ್ದು ಚಾಲಕ್ಕುಡಿಯಿಂದ ಮಲಕ್ಕಪಾರಕ್ಕೆ ಹೋಗಿಬರುವ ಬಸ್ಸಿಗೆ. ಕರಾವಳಿಯವರು ಬೆಳಿಗ್ಗೆ ಹತ್ತಿ, ಗಡಿಯಂಚಿನ ಚಹಾ ತೋಟದಲ್ಲಿ ಚಹಾ ಕುಡಿದು, ರಾತ್ರಿ ಮನೆ ಸೇರುತ್ತಾರೆ. ದಿನದ ಕೂಲಿಯಷ್ಟು ದುಡ್ಡಿನಲ್ಲಿ ಇಡೀ ರಾಜ್ಯದ ಅಗಲವನ್ನು ನೋಡಿಬರುವ ಇಂಥ ಪ್ರವಾಸವನ್ನು ನಮ್ಮ ಸಾರಿಗೆಯವರೂ ಮಲೆನಾಡಿನಲ್ಲಿ ಯೋಚಿಸಬಹುದು.

ಹಳೆಯ ಕೊಚ್ಚಿಯ ಲೆಕ್ಕ ತಿರುವುಮುರುವಾಗಿರುವುದು ಪರಂಬಿಕುಳಂನಲ್ಲಿ. ರಾಜ ಬ್ರಿಟಿಷರ ನೆಲ ಮುಟ್ಟದೆ ಮರ ಸಾಗಿಸಲೆಂದು 80 ಕಿಲೋಮೀಟರ್ ಹಳಿ ಹಾಕಿಸಿದ. ಹಳಿ ಕಿತ್ತುಹೋದ ಮೇಲೆ ಕೇರಳದ ಪಾಲಕ್ಕಾಡ್ ಜಿಲ್ಲೆಯ ಈ ಹುಲಿ ಅಭಯಾರಣ್ಯಕ್ಕೆ ಗಾಡಿಯಲ್ಲಿ ಹೋಗಬೇಕಾದರೆ ತಮಿಳುನಾಡಿನ ಸೇತುಮಡೈ, ಟಾಪ್‌ಸ್ಲಿಪ್ ಹಾದೇ ಹೋಗಬೇಕು. ಎರಡು ರಾಜ್ಯಗಳ ಎರಡು ತಪಾಸಣಾ ಠಾಣೆ, ಎರಡು ರಸೀದಿ. ಪರಂಬಿಕುಳಂ–ಆಳಿಯಾರ್ ಯೋಜನೆಯ ಅಣೆಕಟ್ಟು ಇರುವುದು ಕೇರಳದಲ್ಲಿ, ನೋಡಿಕೊಳ್ಳುವುದು ತಮಿಳುನಾಡು. 1970ರ ಒಪ್ಪಂದ ಹಾಗೆ ಹೇಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಅದರ ಒಂದು ಗೇಟು ಕಳಚಿ ನೀರು ಹರಿದುಹೋದಾಗ ಕೆಳಗಿನ ಚಾಲಕ್ಕುಡಿ ಹೊಳೆಯ ದಂಡೆಯವರಿಗೆ ಎಚ್ಚರಿಕೆ ಕೊಟ್ಟದ್ದು ಕೇರಳ, ಗೇಟು ಸರಿಮಾಡಲು ಓಡಿದ್ದು ತಮಿಳುನಾಡಿನ ಎಂಜಿನಿಯರುಗಳು.

ಪ್ರವಾಸಿಗರಿಗೆ ಈ ಸುತ್ತು ಒಂದು ಮೋಜು. ಅಲ್ಲೇ ವಾಸಿಸುವ ಆದಿವಾಸಿಗಳಿಗೆ ಹಾಗಲ್ಲ. ತಮ್ಮದೇ ಪಂಚಾಯಿತಿ ಕಚೇರಿ ಇರುವ ಮುದಲಮಡಕ್ಕೆ ಹೋಗಲು ಅವರು ಪಕ್ಕದ ರಾಜ್ಯವನ್ನು ದಾಟಿ ಮತ್ತೆ ತಮ್ಮ ರಾಜ್ಯಕ್ಕೆ ಬರಬೇಕು. ಇದೇ ಪರಂಬಿಕುಳಂನ ತೇಕ್ಕಡಿ ಹಾಡಿಯವರು ಚೆಮ್ಮಣಾಂಪದಿಗೆ ನೇರವಾಗಿ ಇಳಿಯುವ ರಸ್ತೆಯೊಂದನ್ನು ವರ್ಷಗಟ್ಟಲೆ ಕೇಳಿದರು. ಕಡತ ಮುಂದಕ್ಕೆ ಸರಿಯಲಿಲ್ಲ. 2020ರ ಗಾಂಧಿ ಜಯಂತಿಯ ದಿನ ಹಾರೆ, ಪಿಕಾಸಿ ಹಿಡಿದು ತಾವೇ ಕಾಡಿನೊಳಗೆ ದಾರಿ ಕಡಿಯಲು ನಿಂತರು.