ಸಣ್ಣ ಕಾರು, ದೊಡ್ಡ ಬಿಲ್: ಸರ್ವಿಸ್‌ಗೆ ನಿಜವಾಗಿ ಎಷ್ಟು ಬೇಕು?

ಕಾರು ಕೊಳ್ಳಲು ಹೊರಟವರು ಷೋರೂಮಿನಲ್ಲಿ ಎರಡು ಪ್ರಶ್ನೆಗಳನ್ನು ತಪ್ಪದೇ ಕೇಳುತ್ತಾರೆ. ಮೈಲೇಜ್ ಎಷ್ಟು ಕೊಡುತ್ತೆ? ತಿಂಗಳ ಕಂತು ಎಷ್ಟು ಬೀಳುತ್ತೆ? ವರ್ಷಕ್ಕೆ ಸರ್ವಿಸ್ ಖರ್ಚು ಎಷ್ಟು ಎಂಬ ಮೂರನೇ ಪ್ರಶ್ನೆ ಕೇಳುವವರು ಕಡಿಮೆ. ಕೇಳಿದರೂ ‘ಮೊದಲ ಮೂರು ಸರ್ವಿಸ್ ಫ್ರೀ ಸರ್’ ಎಂಬ ಉತ್ತರಕ್ಕೆ ಮಾತು ಮುಗಿಯುತ್ತದೆ. ಆ ಮೂರೂ ಮುಗಿದ ಮೇಲೆ ಅಸಲಿ ಲೆಕ್ಕ ಶುರುವಾಗುತ್ತದೆ.

ಊರಲ್ಲಾದರೆ ಗುರುತಿನ ಮಿಸ್ತ್ರಿ ಇರುತ್ತಾರೆ. ಅಪ್ಪನ ಸ್ಕೂಟರ್ ಕಾಲದಿಂದಲೂ ಮನೆಗೆ ಪರಿಚಯ. ‘ಇನ್ನೂ ಆರ್ ತಿಂಗಳ ನಡೀತೈತಿ ಬಿಡ್ರಿ, ಈಗ್ಯಾಕ ರೊಕ್ಕ ಹಾಕ್ತೀರಿ’ ಎಂದು ಅವರೇ ಹೇಳುತ್ತಾರೆ. ಪುಣೆಯಲ್ಲೋ, ಚೆನ್ನೈಯಲ್ಲೋ, ಹೈದರಾಬಾದಿನಲ್ಲೋ ನಮಗೆ ಹಾಗೆ ಹೇಳುವವರಿಲ್ಲ. ಇಲ್ಲಿನ ಭಾಷೆ ಅರ್ಧಂಬರ್ಧ ಬರುತ್ತದೆ, ಆಫೀಸಿಗೆ ಹೊತ್ತಾಗುತ್ತಿರುತ್ತದೆ. ಸರ್ವಿಸ್ ಅಡ್ವೈಸರ್ ಟ್ಯಾಬ್ ಹಿಡಿದು ‘ಇಲ್ಲಿ ಸೈನ್ ಮಾಡಿ ಸರ್’ ಎನ್ನುತ್ತಾರೆ. ಹತ್ತು ಜನರ ಮುಂದೆ ಐನೂರು, ಸಾವಿರಕ್ಕೆ ಚೌಕಾಸಿ ಮಾಡಲು ಸಂಕೋಚ. ಹೊರನಾಡಿನ ನಮ್ಮ ಬಹಳಷ್ಟು ಜನರ ಬಿಲ್ ಹೀಗೇ ಬೆಳೆಯುತ್ತದೆ.

ಫ್ರೀ ಅಂದರೆ ಏನು ಫ್ರೀ?

‘ಫ್ರೀ ಸರ್ವಿಸ್’ ಎಂದರೆ ಸಾಮಾನ್ಯವಾಗಿ ಕೂಲಿ ಮಾತ್ರ ಉಚಿತ. ಬದಲಾಯಿಸಿದ ಆಯಿಲ್, ಫಿಲ್ಟರ್, ವಾಷರ್‌ಗಳ ಹಣವನ್ನು ನಾವೇ ಕೊಡಬೇಕು. ಮೊದಲ ಸರ್ವಿಸ್ ಬಹುಮಟ್ಟಿಗೆ ತಪಾಸಣೆಯಷ್ಟೇ, ಬಿಲ್ ಸೊನ್ನೆಯ ಹತ್ತಿರ ಇರುತ್ತದೆ. ಆಯಿಲ್ ಬದಲಾಯಿಸುವ ಸರ್ವಿಸ್ ಬಂದಾಗ ‘ಫ್ರೀ ಅಂದ್ರಲ್ಲ?’ ಎಂಬ ಪ್ರಶ್ನೆ ಏಳುತ್ತದೆ. ಅಲ್ಲಿ ಮೋಸವೇನೂ ಇಲ್ಲ. ಕಾರಿನ ಜೊತೆ ಬರುವ ಸರ್ವಿಸ್ ಪುಸ್ತಕದಲ್ಲೇ ಇದು ಅಚ್ಚಾಗಿರುತ್ತದೆ.

ಆ ನಂತರ ಹೆಚ್ಚಿನ ಸಣ್ಣ ಪೆಟ್ರೋಲ್ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ವರ್ಕ್ ಫ್ರಮ್ ಹೋಮ್‌ನಲ್ಲಿದ್ದು ಕಾರು 4,000 ಕಿ.ಮೀ. ಕೂಡ ಓಡಿಲ್ಲ ಎಂದು ಸರ್ವಿಸ್ ಮುಂದೂಡುವಂತಿಲ್ಲ. ನಿಂತ ಕಾರಿನಲ್ಲೂ ಆಯಿಲ್ ಹಳತಾಗುತ್ತದೆ, ವಾರಂಟಿ ಕ್ಯಾಲೆಂಡರ್ ನೋಡಿಯೇ ನಡೆಯುತ್ತದೆ.

ಒಂದು ಎಸ್ಟಿಮೇಟ್, ಎರಡು ಮೊತ್ತ

ನನ್ನದು ಎರಡು ವರ್ಷದ ಸಣ್ಣ ಹ್ಯಾಚ್‌ಬ್ಯಾಕ್. 20,000 ಕಿ.ಮೀ. ಸರ್ವಿಸ್‌ಗೆ ಪುಣೆಯ ಒಂದು ಅಧಿಕೃತ ಸರ್ವಿಸ್ ಸೆಂಟರಿಗೆ ಬಿಟ್ಟಾಗ ಕೈಗೆ ಬಂದ ಎಸ್ಟಿಮೇಟ್ 11,341 ರೂಪಾಯಿ. ಅದನ್ನು ಬಿಡಿಸಿ ನೋಡಿದರೆ ಎರಡು ಗುಂಪು ಕಾಣುತ್ತದೆ.

ಮೊದಲ ಗುಂಪು ಸರ್ವಿಸ್ ಪುಸ್ತಕದಲ್ಲಿ ಇರುವುದು. ಇಂಜಿನ್ ಆಯಿಲ್ 1,650, ಆಯಿಲ್ ಫಿಲ್ಟರ್ ಮತ್ತು ವಾಷರ್ 150, ಎ.ಸಿ. ಫಿಲ್ಟರ್ 420, ಬ್ರೇಕ್ ಆಯಿಲ್ 330, ಸಣ್ಣಪುಟ್ಟ ಸಾಮಗ್ರಿ 118, ಕೂಲಿ 1,800, ಅದರ ಮೇಲೆ ಶೇ 18 ಜಿಎಸ್‌ಟಿ 324. ಒಟ್ಟು 4,792 ರೂಪಾಯಿ. ವೀಲ್ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್‌ಗೆ 767. ಇಲ್ಲಿನ ರಸ್ತೆ ಗುಂಡಿಗಳನ್ನು ಕಂಡವರಿಗೆ ಅದು ಬೇಕೇ ಎಂದು ಕೇಳುವ ಅಗತ್ಯವಿಲ್ಲ. ಎರಡೂ ಸೇರಿ 5,559.

ಎರಡನೇ ಗುಂಪು ಇಂಜಿನ್ ಡಿಕಾರ್ಬನೈಸಿಂಗ್ 1,770, ಥ್ರಾಟಲ್ ಬಾಡಿ ಕ್ಲೀನಿಂಗ್ 708, ಎ.ಸಿ. ಡಿಸ್‌ಇನ್‌ಫೆಕ್ಷನ್ 1,062, ಒಳಾಂಗಣ ಕ್ಲೀನಿಂಗ್ 1,416, ಇಲಿ ಬಾರದ ಹಾಗೆ ಹೊಡೆಯುವ ಸ್ಪ್ರೇ 826. ಒಟ್ಟು 5,782. ಅಂದರೆ ಕಾರಿಗೆ ಬೇಕಾದದ್ದಕ್ಕಿಂತ ಅಂಗಡಿ ಮಾರಲು ಹೊರಟದ್ದೇ ಹೆಚ್ಚು.

‘ಇವು ಪುಸ್ತಕದ ಯಾವ ಪುಟದಲ್ಲಿವೆ, ಸ್ವಲ್ಪ ತೋರಿಸ್ತೀರಾ?’ ಎಂದು ಕೇಳಿದೆ. ಅಡ್ವೈಸರ್ ನಕ್ಕು, ‘ಎಲ್ಲರೂ ಮಾಡಿಸ್ತಾರೆ ಸರ್, ಗಾಡಿ ಸ್ಮೂತ್ ಆಗುತ್ತೆ’ ಎಂದರು. ‘ಈಗಲೂ ಸ್ಮೂತ್ ಇದೆಯಲ್ಲ?’ ಎಂದೆ. ಜಗಳವಾಗಲಿಲ್ಲ, ಧ್ವನಿ ಏರಲಿಲ್ಲ. ಐದೂ ಸಾಲು ಅಳಿಸಿ ಹೊಸ ಎಸ್ಟಿಮೇಟ್ ಕೊಟ್ಟರು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ತಿಂಗಳ ಟಾರ್ಗೆಟ್ ಇರುತ್ತದೆ. ಅವನ ಟಾರ್ಗೆಟ್ ನಮ್ಮ ಸಂಬಳದಿಂದ ತುಂಬಬೇಕೇ ಎಂಬುದನ್ನು ಮಾತ್ರ ನಾವೇ ತೀರ್ಮಾನಿಸಬೇಕು.

ಬೇಕೋ ಬೇಡವೋ ಹೇಗೆ ತಿಳಿಯುವುದು?

ಹೆಚ್ಚುವರಿ ಕೆಲಸಗಳೆಲ್ಲ ಸುಳ್ಳು ಎಂದಲ್ಲ. ಕೆಲವಕ್ಕೆ ಕಾಲ, ಕಾರಣ ಇರುತ್ತದೆ. ಕಾರು ನಿಂತಾಗ ಇಂಜಿನ್ ನಡುಗುತ್ತಿದ್ದರೆ, ಆರ್‌ಪಿಎಂ ಏರಿಳಿಯುತ್ತಿದ್ದರೆ ಥ್ರಾಟಲ್ ಬಾಡಿ ಸ್ವಚ್ಛ ಮಾಡಿಸುವುದರಲ್ಲಿ ಅರ್ಥವಿದೆ. 20,000 ಕಿ.ಮೀ. ಓಡಿದ, ತೊಂದರೆಯಿಲ್ಲದ ಇಂಜಿನ್‌ಗೆ ಡಿಕಾರ್ಬನೈಸಿಂಗ್ ಏಕೆ ಎಂದು ಕೇಳಬೇಕು. ಎ.ಸಿ.ಯಿಂದ ವಾಸನೆ ಬರುತ್ತಿದ್ದರೆ ಮೊದಲು ಫಿಲ್ಟರ್ ನೋಡಿಸಿ. ಸಾಮಾನ್ಯವಾಗಿ ಗ್ಲೋವ್ ಬಾಕ್ಸ್ ಹಿಂದೆ ಇರುವ ಆ ಫಿಲ್ಟರನ್ನು ಹಲವು ಕಾರುಗಳಲ್ಲಿ ಮನೆಯಲ್ಲೇ ತೆಗೆದು ಹಾಕಬಹುದು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಇಲಿ ಕಾಟ ಇದ್ದವರಿಗೆ ವೈರಿಂಗ್ ಕಡಿತದ ದುಃಖ ಗೊತ್ತು. ಅಂಥವರು ಸ್ಪ್ರೇ ಹೊಡೆಸಲಿ. ಬೀದಿ ಬದಿಯ ಬಿಸಿಲಲ್ಲಿ ನಿಲ್ಲಿಸುವವರಿಗೆ ಅದರ ಚಿಂತೆ ಕಡಿಮೆ.

ಹಾಗೆಯೇ ಉಳಿಸಬಾರದ ಕಡೆ ಉಳಿಸುವುದೂ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಾದರೆ ಅದು ಕಡಿಮೆ ಶಾಖಕ್ಕೇ ಕುದಿಯುತ್ತದೆ, ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗುತ್ತದೆ. ದೀಪಾವಳಿಗೆ ಹೆಂಡತಿ ಮಕ್ಕಳು, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಸಾತಾರಾ ಹತ್ತಿರದ ಖಂಬಾಟಕಿ ಘಾಟ್ ದಾಟುವಾಗ ಆ 330 ರೂಪಾಯಿಯ ಬೆಲೆ ತಿಳಿಯುತ್ತದೆ. ಇಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಪ್ಯಾಡ್, ಟಯರ್, ಇಷ್ಟರಲ್ಲಿ ಜಿಪುಣತನ ಸಲ್ಲದು. ಆಯಿಲ್ ಕೂಡ ಪುಸ್ತಕದಲ್ಲಿ ಹೇಳಿದ ಗ್ರೇಡಿನದೇ ಆಗಿರಲಿ. ಅದಕ್ಕಿಂತ ದುಬಾರಿಯದು ಹಾಕಿದರೆ ಒಳ್ಳೆಯದು ಎಂಬುದೂ ಮಾರಾಟದ ಮಾತೇ.

ನಾವಿರುವ ಊರೂ ಲೆಕ್ಕಕ್ಕೆ ಬರುತ್ತದೆ. ದೆಹಲಿಯ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಚೆನ್ನೈ, ಮುಂಬೈಯ ಉಪ್ಪುಗಾಳಿ, ಮಳೆನೀರಿಗೆ ಕಾರಿನ ತಳ ತುಕ್ಕು ಹಿಡಿಯುವ ಭಯ ಹೆಚ್ಚು. ಧೂಳು, ಸಣ್ಣ ಸಣ್ಣ ಓಡಾಟ, ಗಂಟೆಗಟ್ಟಲೆ ಟ್ರಾಫಿಕ್, ಇವಿದ್ದರೆ ಕೆಲವು ಕೆಲಸಗಳನ್ನು ಬೇಗ ಮಾಡಿಸಬೇಕೆಂದು ಪುಸ್ತಕದಲ್ಲಿ ಬೇರೆ ಪಟ್ಟಿಯೇ ಇರುತ್ತದೆ. ಸಿಎನ್‌ಜಿ ಕಾರಿನವರು ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಮಾಡಿಸುವುದನ್ನೂ ನೆನಪಿಡಬೇಕು.

‘ವಾರಂಟಿ ಹೋಗುತ್ತೆ ಸರ್’

ಹೊರಗಿನ ಗ್ಯಾರೇಜ್ ಎಂದ ಕೂಡಲೇ ಬರುವ ಬೆದರಿಕೆ ಇದು. ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿಭಾಗ, ತಾಂತ್ರಿಕ ಮಾಹಿತಿ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ಮುಖ್ಯ ಆರೋಪ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಎಂಬ ಷರತ್ತು ಹಾಕಬಾರದು, ಹೊರಗಿನ ತಪ್ಪು ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂದೂ ಆದೇಶ ಹೇಳಿತು. ಕಂಪನಿಗಳು ಅದರ ವಿರುದ್ಧ ಮೇಲ್ಮನವಿ ಹೋದವು.

ಹಾಗಿದ್ದರೂ ನನ್ನ ಸಲಹೆ ಇಷ್ಟೇ: ವಾರಂಟಿ ಇರುವವರೆಗೆ ನಿಗದಿತ ಸರ್ವಿಸನ್ನು ಅಧಿಕೃತ ಕಡೆಯೇ ಮಾಡಿಸಿ. ವಾದದಲ್ಲಿ ಗೆಲ್ಲುವ ಹೊತ್ತಿಗೆ ಕಾರು ಹಳತಾಗಿರುತ್ತದೆ. ಹೆಚ್ಚಿನ ಸಣ್ಣ ಕಾರುಗಳಿಗೆ ಈಗ ಮೂರು ವರ್ಷ ಅಥವಾ ಒಂದು ಲಕ್ಷ ಕಿ.ಮೀ. ವಾರಂಟಿ ಇದೆ. ಅದು ಮುಗಿದ ಮೇಲೆ, ಸಹೋದ್ಯೋಗಿಗಳು ಹೇಳುವ ಒಳ್ಳೆಯ ಗ್ಯಾರೇಜ್ ಹುಡುಕಿಕೊಂಡರೆ ಕೂಲಿಯಲ್ಲಿ ಚೆನ್ನಾಗಿಯೇ ಉಳಿಯುತ್ತದೆ.

ನಮಗೆ ಇನ್ನೊಂದು ದಾರಿಯೂ ಇದೆ. ಅಧಿಕೃತ ಸರ್ವಿಸ್ ದೇಶದ ಯಾವ ಊರಲ್ಲಾದರೂ ನಡೆಯುತ್ತದೆ. ಕಾರಿನ ಇತಿಹಾಸ ಚಾಸಿ ನಂಬರಿನ ಮೇಲೆ ಕಂಪನಿಯ ದಾಖಲೆಯಲ್ಲಿ ಇರುತ್ತದೆ. ಕೆಎ ನಂಬರೋ, ಎಂಎಚ್ ನಂಬರೋ ಅದಕ್ಕೆ ಮುಖ್ಯವಲ್ಲ. ಕೂಲಿ ದರ ಊರಿಂದ ಊರಿಗೆ ಬೇರೆ. ವರ್ಷಕ್ಕೊಮ್ಮೆ ಹೇಗೂ ಊರಿಗೆ ಹೋಗುವವರು ಅಲ್ಲಿಯ ದರ ವಿಚಾರಿಸಿ ನೋಡಬಹುದು. ಹಲವು ಕಂಪನಿಗಳ ವೆಬ್‌ಸೈಟಿನಲ್ಲಿ ಊರು, ಮಾಡೆಲ್, ಕಿ.ಮೀ. ಹಾಕಿದರೆ ಅಂದಾಜು ಖರ್ಚು ಸಿಗುತ್ತದೆ. ಎಸ್ಟಿಮೇಟ್ ತಾಳೆ ನೋಡಲು ಅದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ.

ಐದು ವರ್ಷದ ಲೆಕ್ಕ

ವರ್ಷಕ್ಕೆ 10,000 ಕಿ.ಮೀ. ಓಡಿಸುವವರ ಅಂದಾಜು ಹೀಗಿದೆ. ಮೊದಲ ವರ್ಷ ಕೂಲಿ ಇಲ್ಲ, ಸುಮಾರು 2,000. ಎರಡು, ಮೂರನೇ ವರ್ಷ 5,500ರಂತೆ. 40,000 ಕಿ.ಮೀ.ಗೆ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಇತ್ಯಾದಿ ಸೇರಿ 8,500. ಐದನೇ ವರ್ಷ ಮತ್ತೆ 5,500. ಒಟ್ಟು 27,000. ಇದರ ಮೇಲೆ ನಾಲ್ಕು ಟಯರ್‌ಗೆ 16,000, ಬ್ಯಾಟರಿಗೆ 5,000, ಬ್ರೇಕ್ ಪ್ಯಾಡ್‌ಗೆ 3,000. ಎಲ್ಲ ಸೇರಿ 51,000, ಅಂದರೆ ತಿಂಗಳಿಗೆ 850 ರೂಪಾಯಿ. ಸಂಬಳ ಬಂದ ದಿನ 1,000 ರೂಪಾಯಿಯನ್ನು ಆರ್‌ಡಿಗೆ ಹಾಕಿಬಿಟ್ಟರೆ ಸರ್ವಿಸ್ ತಿಂಗಳಲ್ಲಿ ಕ್ರೆಡಿಟ್ ಕಾರ್ಡ್ ತೆಗೆಯಬೇಕಿಲ್ಲ. ಬಾಡಿಗೆ, ಮಕ್ಕಳ ಫೀಸು, ಊರಿಗೆ ಕಳಿಸುವ ಹಣ, ಎಲ್ಲವೂ ಒಂದೇ ಸಂಬಳದಿಂದ ಹೊರಡುವ ಮನೆಗಳಲ್ಲಿ ಈ ಸಣ್ಣ ಏರ್ಪಾಟಿಗೆ ಬಹಳ ಬೆಲೆ.

ಪೆಟ್ರೋಲ್ ಜೊತೆ ಹೋಲಿಸಿ ನೋಡಿ. ಲೀಟರಿಗೆ 18 ಕಿ.ಮೀ., ಬೆಲೆ ನೂರು ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 55 ಸಾವಿರ ದಾಟುತ್ತದೆ. ಬೇಕಾದಷ್ಟೇ ಮಾಡಿಸಿದ ಸರ್ವಿಸ್ ಅದರ ಹತ್ತನೇ ಒಂದು ಪಾಲು. ಸಣ್ಣ ಕಾರು ಸಾಕುವುದು ನಿಜಕ್ಕೂ ಅಷ್ಟು ಕಷ್ಟವಲ್ಲ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಆ ಕಾಲಂ ಮೇಲೂ ಒಮ್ಮೆ ಕಣ್ಣಾಡಿಸಿ.

ಕೌಂಟರಿನಲ್ಲಿ ಆಡಬೇಕಾದ ಮಾತು

ಸೈನ್ ಮಾಡುವ ಮೊದಲು ಪ್ರತಿ ಸಾಲನ್ನೂ ಬಿಡಿಸಿ ಬರೆದ ಎಸ್ಟಿಮೇಟ್ ಕೇಳಿ. ‘ನನ್ನನ್ನು ಕೇಳದೆ ಹೊಸ ಕೆಲಸ ಸೇರಿಸಬೇಡಿ’ ಎಂದು ಜಾಬ್ ಕಾರ್ಡಿನ ಮೇಲೆ ಬರೆಸಿ. ಮಧ್ಯಾಹ್ನ ಫೋನ್ ಬಂದು ‘ಬ್ರೇಕ್ ಪ್ಯಾಡ್ ಹೋಗಿದೆ’ ಎಂದರೆ ಫೋಟೊ ಕಳಿಸಲು ಹೇಳಿ. ತೆಗೆದ ಹಳೆಯ ಪಾರ್ಟ್ ವಾಪಸ್ ಕೇಳಿ. ಮನೆಗೆ ಒಯ್ಯಬೇಕೆಂದಲ್ಲ, ಈ ಗಿರಾಕಿ ನೋಡುತ್ತಾನೆ ಎಂದು ಅವರಿಗೆ ಗೊತ್ತಾದರೆ ಸಾಕು.

ಇದಕ್ಕೆ ಭಾಷೆ ಪೂರ್ತಿ ಬರಬೇಕಿಲ್ಲ, ಒಂದೊಂದು ವಾಕ್ಯ ಸಾಕು. ಪುಣೆ, ಮುಂಬೈಯಲ್ಲಿ ‘ಜುನೇ ಪಾರ್ಟ್ ಪರತ್ ದ್ಯಾ’. ಚೆನ್ನೈಯಲ್ಲಿ ‘ಪಳೈಯ ಪಾರ್ಟ್ಸ್ ಎನಕ್ಕು ವೇಣುಂ’. ಹೈದರಾಬಾದಿನಲ್ಲಿ ‘ಪಾತ ಪಾರ್ಟ್ಸ್ ನಾಕು ಇವ್ವಂಡಿ’. ದೆಹಲಿಯಲ್ಲಿ ‘ಪುರಾನೇ ಪಾರ್ಟ್ಸ್ ವಾಪಸ್ ದೇ ದೀಜಿಯೇ’. ನಮ್ಮ ಉಚ್ಚಾರ ಕೇಳಿ ಅವರು ನಕ್ಕರೆ ನಗಲಿ, ಮಾತು ಸುಲಭವಾಗುತ್ತದೆ.

ಒಪ್ಪದ ಕೆಲಸಕ್ಕೆ ಬಿಲ್ ಹಾಕಿದರೆ ಮೊದಲು ಮ್ಯಾನೇಜರ್, ಆಮೇಲೆ ಕಂಪನಿಯ ಗ್ರಾಹಕ ಸೇವೆಗೆ ಇ-ಮೇಲ್. ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಎಸ್ಟಿಮೇಟ್, ಜಾಬ್ ಕಾರ್ಡ್, ಬಿಲ್ ಮೂರನ್ನೂ ಫೋನಿನಲ್ಲಿ ಇಟ್ಟುಕೊಂಡಿರಿ.

ಹಬ್ಬಕ್ಕೆ ಊರಿಗೆ ಹೊರಡುವವರಿಗೆ ಕೊನೆಯ ಮಾತು. ಸರ್ವಿಸನ್ನು ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಅವಸರದಲ್ಲಿ ಇದ್ದವರು ಎಲ್ಲಕ್ಕೂ ಹೂಂ ಎನ್ನುತ್ತಾರೆ ಎಂಬುದು ಕೌಂಟರಿನ ಹಿಂದೆ ಇರುವವರಿಗೆ ಚೆನ್ನಾಗಿ ಗೊತ್ತು. ಎರಡು ವಾರ ಮೊದಲೇ ಮಾಡಿಸಿ, ನೂರು ಕಿ.ಮೀ. ಊರೊಳಗೆ ಓಡಿಸಿ ನೋಡಿ, ಆಮೇಲೆ ಹೆದ್ದಾರಿ ಹಿಡಿಯಿರಿ.