ಬಾಲವನದ ಮನೆ

ವಾಸವಿಲ್ಲದ ಮನೆಗೆ ಗೆದ್ದಲೇ ಒಡೆಯನೆಂಬುದನ್ನು ಗೃಹಸ್ಥರಿಗೆ ನಾವು ಬೇರೆಯಾಗಿ ಹೇಳಬೇಕಾದುದಿಲ್ಲ. ಕರಾವಳಿಯ ಮಳೆಗಂತೂ, ವರ್ಷವರ್ಷವೂ ಹೆಂಚು ಸರಿಪಡಿಸದ ಮಾಡು ಬಹುಕಾಲ ನಿಲ್ಲಲಾರದು. ಹೀಗಿರುವಲ್ಲಿ, ಕಲಾವಿದನೊಬ್ಬನು ಬಿಟ್ಟುಹೋದ ಮನೆಯನ್ನು ಉಳಿಸಿಕೊಳ್ಳುವ ಬಗೆ ಯಾವುದು?

ದಕ್ಷಿಣ ಕನ್ನಡದ ಪುತ್ತೂರಿನ ಬಾಲವನವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಡಾ. ಶಿವರಾಮ ಕಾರಂತರು (1902–1997) ಸುಮಾರು ನಾಲ್ವತ್ತು ವರ್ಷ ನೆಲಸಿ, ಕಾದಂಬರಿಗಳನ್ನು ಬರೆದು, ನೃತ್ಯ ನಾಟಕಗಳ ಪ್ರಯೋಗಗಳನ್ನು ನಡೆಯಿಸಿದ ತಾಣವಿದು. ಮಕ್ಕಳು ಆಡುತ್ತ ಹಾಡುತ್ತ ಕಲಿಯಬೇಕೆಂಬುದು ಅವರ ಮತ; ತಾಣದ ಹೆಸರೇ ಅದನ್ನು ಸಾರುತ್ತದೆ. ಮಕ್ಕಳಿಗಾಗಿ ‘ಬಾಲಪ್ರಪಂಚ’ವೆಂಬ ವಿಶ್ವಕೋಶವನ್ನು ರಚಿಸಿದವರೂ ಅವರೇ. ಮುಂದೆ ಅವರು ಸಾಲಿಗ್ರಾಮಕ್ಕೆ ತೆರಳಿದರು. ಬಾಲವನವು ಇಂದು ಅವರ ಸ್ಮಾರಕವಾಗಿ ಸರ್ಕಾರದ ಪಾಲನೆಯಲ್ಲಿದೆ. ಮನೆಯೊಡನೆ ನಾಟ್ಯಶಾಲೆಯೂ ಬಯಲು ರಂಗಮಂದಿರವೂ ಅಲ್ಲಿವೆ.

ಲೇಖನಿ ಕನ್ನಡಕಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬಾಗಿಲಿಗೆ ಬೀಗವಿಕ್ಕಿದರೆ, ಉಳಿಯುವುದು ಗೋಡೆ ಮಾತ್ರ. ಕುಣಿಯುವ ಕಾಲು, ಬಣ್ಣ ಹಚ್ಚುವ ಕೈ ಇದ್ದಲ್ಲಿ ಕಸ ಗುಡಿಸುವವರೂ ಇರುತ್ತಾರೆ, ಸೋರುವ ಮಾಡನ್ನು ಕಂಡು ಹೇಳುವವರೂ ಇರುತ್ತಾರೆ. ಆದುದರಿಂದ ವಾಚಕರು ರಜೆಯಲ್ಲಿ ಆ ಕಡೆಗೆ ಹೋದಾಗ ಮನೆಯ ಮಕ್ಕಳನ್ನೂ ಬಾಲವನಕ್ಕೆ ಕರೆದೊಯ್ಯಬೇಕೆಂದು ನಾವು ಬಯಸುತ್ತೇವೆ. ಮಕ್ಕಳ ಗೆಜ್ಜೆಯ ದನಿ ಕೇಳುವವರೆಗೂ ಆ ಮನೆಗೆ ಆಯುಸ್ಸುಂಟು.