ಗುಜರಿ ಲೋಹದ ಒಡವೆ: ಅಯಸ್ಕಾಂತಕ್ಕೆ ಅಂಟದಿದ್ದರೆ ಸುರಕ್ಷಿತವೇ?

ಹಳೇ ಬೀಗದ ಕೈಯಿಂದ ಪದಕ, ಸೋಡಾ ಬಾಟಲಿ ಮುಚ್ಚಳದಿಂದ ಓಲೆ, ವೈರಿನೊಳಗಿನ ತಾಮ್ರದಿಂದ ಬಳೆ. ಮೊಬೈಲಿನಲ್ಲಿ ಇಂಥ ವಿಡಿಯೋಗಳಿಗೆ ಕೊರತೆಯಿಲ್ಲ. ಖರ್ಚು ಕಡಿಮೆ, ಕಸವೂ ಕಡಿಮೆ, ಹವ್ಯಾಸ ಒಳ್ಳೆಯದೇ. ಆದರೆ ‘ಅಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಒಳ್ಳೆಯ ಲೋಹ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅಯಸ್ಕಾಂತ ಹೇಳುವುದೆಷ್ಟು?

ಕಬ್ಬಿಣದಂಥ ಕೆಲವೇ ಲೋಹಗಳು ಅಯಸ್ಕಾಂತಕ್ಕೆ ಅಂಟುತ್ತವೆ. ಚಿನ್ನ, ಬೆಳ್ಳಿ, ತಾಮ್ರ ಅಂಟುವುದಿಲ್ಲ, ನಿಜ. ಆದರೆ ಸೀಸವೂ ಅಂಟುವುದಿಲ್ಲ, ಕ್ಯಾಡ್ಮಿಯಂ ಕೂಡ ಅಂಟುವುದಿಲ್ಲ. ಇವೆರಡೂ ವಿಷ.

ಒಡವೆಗೆ ಸೀಸ ಹೇಗೆ ಬರುತ್ತದೆ?

ಹಳೆಯ ಟಿ.ವಿ., ರೇಡಿಯೊ ಬೋರ್ಡುಗಳ ಬೆಸುಗೆಯಲ್ಲಿ ಸಾಮಾನ್ಯವಾಗಿ 60 ಭಾಗ ತವರಕ್ಕೆ 40 ಭಾಗ ಸೀಸ ಇರುತ್ತಿತ್ತು. ವಾಹನದ ಬ್ಯಾಟರಿಯೊಳಗಿನ ಫಲಕಗಳೂ ಸೀಸದವೇ. ತಾಮ್ರ ಕರಗಲು 1,085 ಡಿಗ್ರಿ ಸೆಲ್ಸಿಯಸ್ ಬೇಕು, ಸೀಸಕ್ಕೆ 327 ಸಾಕು. ಅಚ್ಚಿಗೆ ಹೊಯ್ಯಲು ಇಷ್ಟು ಸುಲಭವಾದ್ದರಿಂದಲೇ ಅಗ್ಗದ ಒಡವೆಗಳಲ್ಲಿ ಅದು ಸೇರಿಕೊಳ್ಳುತ್ತದೆ. 2007ರಲ್ಲಿ ಅಮೆರಿಕದ ಆಶ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಸೀಸವಿದ್ದ ಅಗ್ಗದ ಒಡವೆಗಳನ್ನು ಪರೀಕ್ಷಿಸಿದರು. ಕೆಲವುಗಳಲ್ಲಿ ಸೀಸದ ಜೊತೆ ತವರ, ತಾಮ್ರಗಳಿದ್ದ ಬಗೆ ನೋಡಿದರೆ, ಆ ಲೋಹ ಎಲೆಕ್ಟ್ರಾನಿಕ್ ಕಸದ ಬೆಸುಗೆಯಿಂದ ಬಂದಿರಬಹುದು ಎನ್ನುವುದು ಅವರ ಅಭಿಪ್ರಾಯ.

ಇದು ಸಣ್ಣ ವಿಷಯವಲ್ಲ. 2006ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 4 ವರ್ಷದ ಬಾಲಕನೊಬ್ಬ ಪುಟ್ಟ ಲೋಹದ ಪದಕ ನುಂಗಿ ತೀರಿಕೊಂಡ. ಆ ಪದಕದಲ್ಲಿ ಶೇ 99ರಷ್ಟು ಸೀಸವಿತ್ತು. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ 4–5 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನುಂಗಲೇಬೇಕೆಂದಿಲ್ಲ, ದಿನವೂ ಬಾಯಲ್ಲಿಟ್ಟು ಚೀಪಿದರೂ ಸೀಸ ಒಳಹೋಗುತ್ತದೆ.

ಮೇಲೆ ಬಣ್ಣ ಬಳಿದರೆ ಸಾಲದೇ?

ಸಾಲದು. ನೇಲ್ ಪಾಲಿಶ್ ಆಗಲಿ, ಬಣ್ಣವಾಗಲಿ ಬೆವರು, ತಿಕ್ಕಾಟ, ಮಕ್ಕಳ ಹಲ್ಲಿಗೆ ಎದ್ದುಹೋಗುತ್ತದೆ. ಅಡಿಯ ಲೋಹ ಹಾಗೇ ಇರುತ್ತದೆ.

ಹಾಗಾದರೆ ಏನು ಮಾಡಬಹುದು?

• ತಾಮ್ರದ ತಂತಿ ಬಳಸಬಹುದು. ಪ್ಲಾಸ್ಟಿಕ್ ಹೊದಿಕೆಯನ್ನು ಕತ್ತರಿಯಿಂದ ಸುಲಿಯಿರಿ, ಸುಡಬೇಡಿ, ಆ ಹೊಗೆ ವಿಷ. ತಾಮ್ರ ತೊಟ್ಟಲ್ಲಿ ಚರ್ಮ ಹಸಿರಾದರೆ ಹೆದರಬೇಕಿಲ್ಲ, ತೊಳೆದರೆ ಹೋಗುತ್ತದೆ. ತಂತಿ ಕಪ್ಪಾದರೆ ಹುಣಸೆಹಣ್ಣು ಹಚ್ಚಿ ಉಜ್ಜಿ.
• ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ, ಬಾಟಲಿ ಮುಚ್ಚಳ ಆಗಬಹುದು. ಅಂಚನ್ನು ಮಡಚಿ, ಎಮರಿ ಕಾಗದದಿಂದ ಉಜ್ಜಿ.
• ಪಿನ್ನು, ಜಿಪ್ಪು, ಗುಂಡಿಗಳ ಹೊಳಪು ಹೆಚ್ಚಾಗಿ ನಿಕಲ್ ಲೇಪನದ್ದು. ನಿಕಲ್ ಆಗದವರಿಗೆ ತುರಿಕೆ, ಗುಳ್ಳೆ ಬರುತ್ತದೆ. ಕಿವಿ ಚುಚ್ಚಿದ ತೂತಿಗೆ ಇವನ್ನು ಹಾಕಲೇಬೇಡಿ.
• ಹಿತ್ತಾಳೆಯ ಬೀಗದ ಕೈಯಲ್ಲಿ, ಕತ್ತರಿಸಲು ಸುಲಭವಾಗಲೆಂದು, ಸ್ವಲ್ಪ ಸೀಸ ಬೆರೆಸಿರುವುದುಂಟು. ಗೋಡೆಗೆ ತೂಗುಹಾಕಿ, ಮಕ್ಕಳ ಕೊರಳಿಗೆ ಬೇಡ.
• ಬೆಸುಗೆ ತಂತಿ, ಬ್ಯಾಟರಿ, ಎಲೆಕ್ಟ್ರಾನಿಕ್ ಬೋರ್ಡು, ಮೂಲ ಗೊತ್ತಿಲ್ಲದ ಭಾರದ ಬೂದು ಲೋಹ ಮುಟ್ಟಲೇಬೇಡಿ. ಅಡುಗೆಮನೆಯಲ್ಲಿ ಯಾವ ಲೋಹವನ್ನೂ ಕರಗಿಸಬೇಡಿ.

ಮಗು ಒಡವೆಯ ಚೂರು ನುಂಗಿದರೆ ವಾಂತಿ ಮಾಡಿಸಬೇಡಿ. ಉಳಿದ ಚೂರನ್ನು ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಿ. ಸೀಸದ ಅನುಮಾನವಿದ್ದರೆ ರಕ್ತಪರೀಕ್ಷೆಯಿಂದ ತಿಳಿಯುತ್ತದೆ.

ಇಂಥ ವಿಡಿಯೋವನ್ನು ಇನ್ನೊಂದು ಗುಂಪಿಗೆ ಕಳಿಸುವ ಮುನ್ನ ಒಂದನ್ನು ಗಮನಿಸಿ: ಆ ಲೋಹ ಯಾವ ವಸ್ತುವಿನಿಂದ ಬಂತು ಎಂದು ಅದರಲ್ಲಿ ಹೇಳಿದ್ದಾರೆಯೇ? ಇಲ್ಲದಿದ್ದರೆ ಕಳಿಸಬೇಡಿ.